ಕೆಳಗಿನ ಸಾಲಿನ ಸಮಾಧಿಗಳು: ಕಾಫಿ ಸೀಮೆಯ ಒಂದು ಧರ್ಮಕೇಂದ್ರದ ಪ್ರಕರಣ ಅಧ್ಯಯನ

ಜನವರಿಯ ಮೂರನೇ ವಾರ. ಅರೇಬಿಕಾ ಕುಯ್ಲು ಮುಗಿಯುತ್ತಾ ಬಂದು ರೊಬಸ್ಟಾ ಶುರುವಾಗುವ ಹೊತ್ತು. ಜಾರ್ಖಂಡಿನ ಸಿಮ್ಡೇಗಾ ಕಡೆಯಿಂದ ಬಂದಿದ್ದ, ನಲವತ್ತರ ಆಸುಪಾಸಿನ ಕ್ಯಾಥೋಲಿಕ ಕಾರ್ಮಿಕರೊಬ್ಬರು ತೋಟದ ಕೂಲಿಯವರ ಸಾಲುಮನೆಯಾದ ಲೈನ್ ಮನೆಯಲ್ಲಿ ರಾತ್ರಿ ಎದೆನೋವು ಬಂದು ತೀರಿಕೊಂಡರು. ಬೆಳಿಗ್ಗೆ ಜೊತೆಯವರು ನಾಲ್ಕು ಜನ ಚರ್ಚಿಗೆ ಬಂದು ಮಣ್ಣು ಮಾಡಲು ಜಾಗ ಕೇಳಿದರು. ಗುರುಗಳು ಬಲಿಪೂಜೆಗೆ ಒಪ್ಪಿದರು. ಸಮಾಧಿ ಭೂಮಿ ನೋಡಿಕೊಳ್ಳುವ ಸಮಿತಿಯವರು ಕೇಳಿದ್ದು ಒಂದೇ: "ವಂತಿಗೆ ಪುಸ್ತಕ ಇದೆಯಾ?" ಸತತ ಮೂರು ವರ್ಷ ವಂತಿಗೆ ಕಟ್ಟಿದ ಕುಟುಂಬಕ್ಕೆ ಮಾತ್ರ ಜಾಗ ಅನ್ನುವುದು ಚರ್ಚಿನ ಪಾಲನಾ ಪರಿಷತ್ತಿನ ಹಳೇ ಠರಾವು. ಮಧ್ಯಾಹ್ನದವರೆಗೆ ಮಾತು ನಡೆದು, ಕೊನೆಗೆ ಮುಳ್ಳುತಂತಿಯ ಆಚೆ, ಚರಂಡಿ ಪಕ್ಕದ ಕೆಳಗಿನ ತುದಿಯಲ್ಲಿ ಗುಂಡಿ ತೋಡಿಸಿದರು.

ಆ ತುದಿಯಲ್ಲಿ ಅದಾಗಲೇ ಹನ್ನೊಂದು ಸಮಾಧಿಗಳಿದ್ದವು. ಹನ್ನೊಂದೂ ದಲಿತ ಕ್ರೈಸ್ತ ಕುಟುಂಬಗಳವು. ಅವರನ್ನು ಅಲ್ಲೇ ಹೂಳಬೇಕೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಇದು ಒಂದೇ ಊರಿನ ವರದಿಯಲ್ಲ. ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಯ ಧರ್ಮಕೇಂದ್ರಗಳಲ್ಲಿ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಕ್ಯಾಥೋಲಿಕ ಸಮುದಾಯಗಳಲ್ಲಿ, ಎದುರಾಗುವಂಥ ಸಂಗತಿಗಳನ್ನು ಒಂದೇ ಧರ್ಮಕೇಂದ್ರದ ಪ್ರಕರಣವಾಗಿ ಕಟ್ಟಿದ್ದೇವೆ. ಇಲ್ಲಿನ ಕುಟುಂಬ, ಬೆಂಚು, ಸಮಾಧಿಗಳ ಲೆಕ್ಕ ಈ ಕಟ್ಟಿದ ಪ್ರಕರಣದ್ದು. ಕಾನೂನು, ಇಸವಿ, ದಾಖಲೆಗಳ ಮಾತು ಇದ್ದದ್ದು ಇದ್ದಂತೆ.

ಧರ್ಮಕೇಂದ್ರದ ಪುಸ್ತಕದಲ್ಲಿ 160 ಕುಟುಂಬಗಳು. 62 ಕೊಂಕಣಿ ಮಾತಾಡುವವರು: ಸಣ್ಣ ಪ್ಲಾಂಟರುಗಳು, ತೋಟದ ಲೆಕ್ಕ ಬರೆಯುವ ರೈಟರುಗಳು, ಪೇಟೆಯಲ್ಲಿ ಅಂಗಡಿ ಇಟ್ಟವರು. 70 ಕನ್ನಡದವರು, ಅವರಲ್ಲಿ ಹೆಚ್ಚಿನವರು ದಲಿತ ಮೂಲದವರು. ಮಿಕ್ಕ 28 ತಮಿಳಿನವರು, ಎರಡು ಮೂರು ತಲೆಮಾರಿನ ಹಿಂದೆ ತೋಟದ ಕೆಲಸಕ್ಕೆ ಬಂದವರ ಮಕ್ಕಳು ಮೊಮ್ಮಕ್ಕಳು. ಪುಸ್ತಕದಲ್ಲಿ ಇಲ್ಲದವರು ಕುಯ್ಲಿನ ಕಾಲಕ್ಕೆ ತೊಂಬತ್ತು ಜನ, ಮಳೆಗಾಲಕ್ಕೆ ಮೂವತ್ತೈದು. ಜಾರ್ಖಂಡ್ ಮತ್ತು ಅಸ್ಸಾಮಿನ ಆದಿವಾಸಿಗಳು, ಮನೆಮಾತು ಸಾದ್ರಿ ಅಥವಾ ಕುಡುಖ್. ಊರವರ ಬಾಯಲ್ಲಿ ಇವರೆಲ್ಲ "ಹಿಂದಿಯವರು", ಇಲ್ಲವೇ "ಬಂಗಾಳಿಗಳು". ಬಂಗಾಳಿ ಅವರಲ್ಲಿ ಯಾರಿಗೂ ಮನೆಮಾತಲ್ಲ. ಮಕ್ಕಳ ಬಾಯಲ್ಲಿ "ಕರಿಯ", "ಚಿಂಕಿ".

ಇದನ್ನು ಜನಾಂಗಭೇದ ಅನ್ನಬೇಕೋ ಜಾತಿಭೇದ ಅನ್ನಬೇಕೋ ಎಂಬ ವಾದ ಪರಿಷತ್ತಿನಲ್ಲೂ ಎದ್ದಿತು. 1965ರ ವಿಶ್ವಸಂಸ್ಥೆಯ ಜನಾಂಗಭೇದ ನಿರ್ಮೂಲನಾ ಒಪ್ಪಂದದ ಮೊದಲ ವಿಧಿಯಲ್ಲಿ ಜನಾಂಗ, ಬಣ್ಣ, ರಾಷ್ಟ್ರೀಯ ಅಥವಾ ಜನಾಂಗೀಯ ಮೂಲದ ಜೊತೆಗೆ 'ವಂಶ' ಎಂಬ ಮಾತೂ ಇದೆ. ಭಾರತ ಅದನ್ನು 1968ರಲ್ಲಿ ಅಂಗೀಕರಿಸಿದೆ. 2001ರ ಡರ್ಬನ್ ಸಮ್ಮೇಳನದಲ್ಲಿ ಜಾತಿ ಈ ಲೆಕ್ಕಕ್ಕೆ ಬರುವುದಿಲ್ಲ ಎಂದು ನಮ್ಮ ಸರ್ಕಾರ ವಾದಿಸಿತು. ಮರುವರ್ಷವೇ ಆ ಒಪ್ಪಂದದ ಸಮಿತಿ, 'ವಂಶ'ದಲ್ಲಿ ಜಾತಿಯೂ ಸೇರುತ್ತದೆ ಎಂದು ಹೇಳಿತು. ಧರ್ಮಕೇಂದ್ರದ ಮಟ್ಟಿಗೆ ಆ ವಾದಕ್ಕೆ ಸಮಾಧಿ ಭೂಮಿಯೇ ಉತ್ತರ ಕೊಟ್ಟಿತ್ತು: ಹೊಸದಾಗಿ ಬಂದ ಆದಿವಾಸಿಗೆ ಸಿಕ್ಕಿದ್ದು ಹಳೆಯ ದಲಿತನಿಗೆ ಕೊಟ್ಟಿದ್ದ ಜಾಗ.

ಮೊದಲು ಮಾಡಿದ್ದು, ಕೆಟ್ಟದ್ದು

ಸಾವಿನ ನಂತರ ಹಲವರಿಗೆ ನಿಜವಾಗಿಯೂ ಸಂಕಟವಾಗಿತ್ತು. ಫೆಬ್ರವರಿಯಲ್ಲಿ "ವಲಸಿಗರ ಭಾನುವಾರ" ಮಾಡಿದರು. ಮಾಂದರ್ ಡೋಲು ಬಾರಿಸಿಕೊಂಡು ಕಾಣಿಕೆ ಮೆರವಣಿಗೆ, ಸಾದ್ರಿಯಲ್ಲಿ ಒಂದು ಹಾಡು, ಗಲಾಟಿಯರಿಗೆ ಬರೆದ ಪತ್ರದ ಮೇಲೆ ಒಳ್ಳೆಯ ಪ್ರಬೋಧನೆ, ಆಮೇಲೆ ಊಟ. ಊಟದ ಹೊತ್ತಿಗೆ ಎಲ್ಲ ಕೆಟ್ಟಿತು. ಮೊದಲ ಪಂಕ್ತಿಗೆ ವಾಳೆಯವರು, ಅಂದರೆ ಧರ್ಮಕೇಂದ್ರದ ಮನೆಗಳ ಗುಂಪುಗಳಿಗೆ ಸೇರಿದವರು, ಕೂತರು, ಲೈನಿನವರನ್ನು "ನೀವು ಅತಿಥಿಗಳು, ಆರಾಮಾಗಿ ಕೂರಿ" ಎಂದು ಎರಡನೆಯದಕ್ಕೆ ನಿಲ್ಲಿಸಿದರು. ಎರಡನೇ ಪಂಕ್ತಿಗೆ ಸ್ಟೀಲ್ ತಟ್ಟೆ ಸಾಲದೆ ಅಡಿಕೆ ಹಾಳೆಯ ತಟ್ಟೆ ಹಾಕಿದರು. ಹಾಕಿದವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ತಟ್ಟೆ ಬೇರೆಯಾಗುವುದರ ಅರ್ಥವನ್ನು ಮನೆಯ ಹಿತ್ತಿಲಲ್ಲಿ ಬೇರೆ ಲೋಟ ಕಂಡ ದಲಿತ ಕುಟುಂಬಗಳು ಮಾತ್ರ ತಕ್ಷಣ ಗುರುತಿಸಿದವು. ಮುಂದಿನ ಭಾನುವಾರ ಎಲ್ಲರೂ ಮತ್ತೆ ತಮ್ಮ ತಮ್ಮ ಜಾಗದಲ್ಲಿ.

ಇನ್ನೊಂದು ಯತ್ನ, ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಮೂರಕ್ಕೆ ಹಿಂದಿ ಬಲಿಪೂಜೆ. ತಮ್ಮ ಭಾಷೆಯಲ್ಲಿ ಪ್ರಾರ್ಥಿಸುವುದು ಜನರ ಹಕ್ಕು, ಅದನ್ನು ನಿಲ್ಲಿಸಬಾರದು. ಆದರೆ ಎರಡೇ ತಿಂಗಳಲ್ಲಿ ಅದು ಬೆಳಗಿನ ಎಂಟರ ಪೂಜೆಗೆ ಅವರು ಬಾರದಿರಲು ನೆಪವಾಯಿತು. "ನಿಮಗೆ ಮೂರಕ್ಕೆ ಇದೆಯಲ್ಲ" ಎಂದು ಬಾಗಿಲಲ್ಲೇ ಹೇಳಿ ಕಳಿಸಿದ ಉದಾಹರಣೆಗಳೂ ಇವೆ. ಆಗ ಹಾಕಿದ ನಿಯಮ: ಬೇರೆ ಭಾಷೆಯ ಪೂಜೆ ಹೆಚ್ಚುವರಿ. ಪರಿಷತ್ತು, ಸಮಾಧಿ ಭೂಮಿ, ಧರ್ಮೋಪದೇಶ ತರಗತಿ, ವಾರ್ಷಿಕ ಹಬ್ಬದ ಕೆಲಸ ಇವೆಲ್ಲ ಒಂದೇ.

ನಾಲ್ಕು ಭಾನುವಾರದ ಎಣಿಕೆ

ಪ್ರಬೋಧನೆಗಿಂತ ಮೊದಲು ಎಣಿಸಬೇಕಿತ್ತು ಎಂಬುದು ನಮ್ಮ ಖಚಿತ ಅಭಿಪ್ರಾಯ. ನಾಲ್ಕು ಜನರ ತಂಡ: ಇಬ್ಬರು ಯುವಕರು, ಒಬ್ಬ ನಿವೃತ್ತ ಟೀಚರ್, ಲೈನಿನಿಂದ ಒಬ್ಬ ಹೆಂಗಸು. ಯಾರ ಜಾತಿಯನ್ನೂ ಕೇಳಲಿಲ್ಲ, ವಾಳೆಯನ್ನಷ್ಟೇ ಗುರುತು ಹಾಕಿಕೊಂಡರು. ಬೆಂಚುಗಳ ನಕ್ಷೆ ಬರೆದು ಪ್ರತಿ ಪೂಜೆಯಲ್ಲಿ ಮೂರು ಸಲ ಎಣಿಸಿದರು: ಆರಂಭದಲ್ಲಿ, ಕಾಣಿಕೆಯ ಹೊತ್ತಿಗೆ, ಪರಮಪ್ರಸಾದದ ನಂತರ. ಒಂದೇ ಸಲ ಎಣಿಸಿದರೆ ತಡವಾಗಿ ಬಂದವರೂ ಜಗಲಿಯಲ್ಲೇ ಉಳಿದವರೂ ಒಂದೇ ಲೆಕ್ಕಕ್ಕೆ ಬೀಳುತ್ತಾರೆ.

ಲೈನಿನಿಂದ ಸರಾಸರಿ 34 ಜನ ಬರುತ್ತಿದ್ದರು. ಆರಂಭದಲ್ಲಿ ಜಗಲಿಯಲ್ಲಿ 27, ಕಾಣಿಕೆಯ ಹೊತ್ತಿಗೂ 19. ಅರ್ಧ ಕಾರಣ ಸಮಯ. ಕೆಲವು ಎಸ್ಟೇಟುಗಳಲ್ಲಿ ವಾರದ ರಜೆ ಸಂತೆಯ ದಿನಕ್ಕೆ, ಭಾನುವಾರ ಹಾಜರಿ ಮುಗಿಸಿಕೊಂಡು ಜೀಪು ಹತ್ತಬೇಕು. ಇನ್ನರ್ಧ ಯಾರೂ ಊಹಿಸದ್ದು. ಬೆಂಚಿನ ಬೆನ್ನ ಮೇಲೆ ದಾನಿಗಳ ಹೆಸರನ್ನು ಬಣ್ಣದಲ್ಲಿ ಬರೆಸಿದ್ದರು. ಕನ್ನಡ ಓದಲು ಬಾರದವರು ಅದನ್ನು ಕಾದಿರಿಸಿದ ಸೀಟು ಎಂದುಕೊಂಡಿದ್ದರು. ಓದಲು ಬರುವ ಹಿಂದಿನ ಬೆಂಚಿನವರೂ ಹಾಗೇ ತಿಳಿದಿದ್ದರು ಎಂಬುದು ಆಮೇಲೆ ಕೇಳಿದಾಗ ಹೊರಬಂತು. ವ್ಯಕ್ತಿಗಳಿಗಾಗಲೀ ಸ್ಥಾನಮಾನಕ್ಕಾಗಲೀ ಆರಾಧನೆಯಲ್ಲಿ ವಿಶೇಷ ಮರ್ಯಾದೆ ಸಲ್ಲದು ಎಂದು ಎರಡನೇ ವ್ಯಾಟಿಕನ್ ಮಹಾಸಭೆಯ 1963ರ ಆರಾಧನಾ ದಾಖಲೆ 32ನೇ ಪ್ಯಾರಾದಲ್ಲಿ ಹೇಳುತ್ತದೆ. ಯಾಕೋಬನ ಪತ್ರದ ಎರಡನೇ ಅಧ್ಯಾಯವಂತೂ ಚಿನ್ನದುಂಗುರದವನಿಗೆ ಒಳ್ಳೆಯ ಆಸನ, ಬಡವನಿಗೆ "ಅಲ್ಲಿ ನಿಂತಿರು" ಎಂಬುದನ್ನೇ ಹಿಡಿದು ಗದರಿಸುತ್ತದೆ. ಹೆಸರುಗಳನ್ನು ಉಜ್ಜಿ ತೆಗೆದು, ಎಲ್ಲ ದಾನಿಗಳನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಹಿಂದಿನ ಗೋಡೆಯ ಹಲಗೆಗೆ ಹಾಕಿದರು. ಎರಡು ಮನೆಯವರು ಮುನಿಸಿಕೊಂಡರು. ಜಗಲಿ ಮಾತ್ರ ಒಂದೂವರೆ ತಿಂಗಳಲ್ಲಿ ಮುಕ್ಕಾಲು ಖಾಲಿಯಾಯಿತು.

ಎಣಿಸುವವರಿಗೆ ಕಿವಿಗೆ ಬಿದ್ದ ಇನ್ನೊಂದು ಸಂಗತಿ ಏಕವಚನ. "ಬನ್ನಿ, ಕೂತ್ಕೊಳ್ಳಿ" ಎನ್ನುವ ಅದೇ ಬಾಯಿ, ತನಗಿಂತ ಹಿರಿಯ ಕೂಲಿಯವರಿಗೆ "ಏ ಭಯ್ಯಾ, ಇಧರ್ ಆ" ಅನ್ನುತ್ತಿತ್ತು. ಬಹಳ ಮಂದಿಗೆ ಗೊತ್ತಿದ್ದ ಹಿಂದಿಯೇ ಅಷ್ಟು, ಅದೂ ಹುಕುಂ ಮಾಡುವ ಹಿಂದಿ. ಸಾದಾ ಕನ್ನಡದ "ಬನ್ನಿ" ಇದಕ್ಕಿಂತ ಮೇಲು, ಅದು ಅರ್ಥವೂ ಆಗುತ್ತದೆ. ಚರ್ಚಿನ ಅಂಗಳದಲ್ಲಿ ದೊಡ್ಡವರಿಗೆಲ್ಲ ಬಹುವಚನ, ಹಿಂದಿಯಲ್ಲಾದರೆ "ಆಪ್", ಎಂದು ಠರಾವಾಯಿತು. ಇದಕ್ಕೆ ಖರ್ಚಿಲ್ಲ. ಅಭ್ಯಾಸವಾಗಲು ಹಿಡಿದದ್ದು ಇಡೀ ಒಂದು ವರ್ಷ.

ಪುಸ್ತಕ ತಿದ್ದಿದ್ದು

ಮೂರು ವರ್ಷದ ವಂತಿಗೆಯ ಠರಾವನ್ನು ಒಡೆದದ್ದು ಯಾವ ಭಾವುಕ ಮಾತೂ ಅಲ್ಲ, ಧರ್ಮಸಭೆಯ 1983ರ ಕಾನೂನು ಸಂಹಿತೆ. 102ನೇ ಕಲಮಿನ ಎರಡನೇ ಭಾಗದ ಪ್ರಕಾರ ಒಂದು ಧರ್ಮಕೇಂದ್ರದ ಎಲ್ಲೆಯೊಳಗೆ ಮೂರು ತಿಂಗಳು ಇರುವ ಉದ್ದೇಶದಿಂದ ಬಂದವರಿಗೆ, ಅಥವಾ ಮೂರು ತಿಂಗಳು ಇದ್ದೇಬಿಟ್ಟವರಿಗೆ, ಅಲ್ಲಿ ಅರೆವಾಸದ ಹಕ್ಕು ಬರುತ್ತದೆ. 107ನೇ ಕಲಮಿನಂತೆ ಅಲ್ಲಿನ ಗುರುಗಳೇ ಅವರ ಗುರುಗಳು. ಕುಯ್ಲಿಗೆಂದು ನವೆಂಬರಿನಲ್ಲಿ ಬಂದು ಮಾರ್ಚಿನವರೆಗೆ ಇರುವವರು ಅತಿಥಿಗಳಲ್ಲ, ಧರ್ಮಕೇಂದ್ರದವರೇ. ಪಾಲನಾ ಪರಿಷತ್ತಿಗೆ 536ನೇ ಕಲಂ ಕೊಟ್ಟಿರುವುದು ಸಲಹೆ ಕೊಡುವ ಅಧಿಕಾರ ಮಾತ್ರ. ಸಂಹಿತೆಯನ್ನು ಮೀರುವ ಠರಾವು ನಿಲ್ಲುವುದಿಲ್ಲ.

ಹೊಸ ನೋಂದಣಿ ಪುಟ ಮಾಡಿದರು: ಹೆಸರು, ತಂದೆ ತಾಯಿ, ಜ್ಞಾನಸ್ನಾನ ಆದ ಧರ್ಮಕೇಂದ್ರ ಮತ್ತು ಧರ್ಮಪ್ರಾಂತ್ಯ, ಊರಿನಲ್ಲಿ ಫೋನ್ ಎತ್ತುವವರ ನಂಬರ್, ಎಸ್ಟೇಟ್, ಲೈನ್ ಮನೆ. ಮೊದಲ ಸಲ ಈ ಪಟ್ಟಿಯನ್ನು ಮೇಸ್ತ್ರಿಗಳಿಂದ ತರಿಸಿದ್ದೇ ತಪ್ಪಾಯಿತು. ಅರ್ಧಕ್ಕರ್ಧ ಹೆಸರು "ಕುಮಾರ್" ಎಂದಿತ್ತು. ತೋಟದ ಹಾಜರಿ ಪಟ್ಟಿಯಾದ ಮಸ್ಟರ್ ರೋಲಿಗೆ ಸಲೀಸಾಗಲೆಂದು ಬರೆದ ಹೆಸರುಗಳು ಅವು. ಆ ಹೆಸರು ಹಿಡಿದು ಜ್ಞಾನಸ್ನಾನದ ಪ್ರಮಾಣಪತ್ರ ಕೇಳಿದರೆ ಊರಿನ ಚರ್ಚಿನಿಂದ ಉತ್ತರವೇ ಬರುವುದಿಲ್ಲ. ಎರಡನೇ ಸಲ ತಂಡದವರೇ ಕುಯ್ದ ಕಾಫಿಯ ತೂಕ ಮುಗಿದ ಮೇಲೆ ಸಂಜೆ ಆರೂವರೆಗೆ ಲೈನಿಗೆ ಹೋಗಿ, ಅವರವರ ಬಾಯಿಂದಲೇ ಕೇಳಿ ಬರೆದರು: ಲಕ್ಡಾ, ಎಕ್ಕಾ, ಮಿಂಜ್, ಕುಜೂರ್, ತಿರ್ಕಿ. ಉರಾಂವ್ ಬುಡಕಟ್ಟಿನ ಜನರಲ್ಲಿ ಇವು ಕುಲದ ಹೆಸರುಗಳು. ಲಕ್ಡಾ ಎಂದರೆ ಹುಲಿ, ಎಕ್ಕಾ ಆಮೆ, ಮಿಂಜ್ ಒಂದು ಮೀನು. ನಮ್ಮಲ್ಲಿ ಬಳಿ, ಬೆಡಗು ಅನ್ನುವ ಹಾಗೆಯೇ. ಏಷ್ಯಾದ ಮೊದಲ ಆದಿವಾಸಿ ಕಾರ್ಡಿನಲ್, 2003ರಲ್ಲಿ ಆ ಪದವಿಗೇರಿದ ರಾಂಚಿಯ ತೆಲೆಸ್ಫೋರ್ ಟೊಪ್ಪೊ ಅವರೂ ಉರಾಂವ್. ಇದನ್ನು ಧರ್ಮೋಪದೇಶ ತರಗತಿಯಲ್ಲಿ ಹೇಳಿದ ದಿನ ಲೈನಿನ ಮಕ್ಕಳು ತಲೆಯೆತ್ತಿ ಕೂತರು.

ವಂತಿಗೆಯನ್ನು ಒಂದು ವರ್ಷಕ್ಕಿಂತ ಕಡಿಮೆ ಇರುವವರಿಗೆ ತೆಗೆದುಹಾಕಿದರು, ಮಿಕ್ಕವರಿಗೂ ಸಮಾಧಿಗೂ ವಂತಿಗೆಗೂ ಇದ್ದ ಗಂಟು ಬಿಚ್ಚಿದರು.

ಸಮಾಧಿ ಭೂಮಿ

ಇಡೀ ಪ್ರಕರಣದ ಗಟ್ಟಿ ಕಾಯಿ ಇದೇ. ಬೆಂಚಿಗೆ ಮುನಿಸಿಕೊಂಡವರು ಎರಡು ಮನೆ, ಸಮಾಧಿಗೆ ಇಪ್ಪತ್ತು.

ಧರ್ಮಕೇಂದ್ರಕ್ಕೆ ಸ್ವಂತ ಸಮಾಧಿ ಭೂಮಿ ಇದ್ದರೆ, ಬೇರೆ ಜಾಗ ಆರಿಸಿಕೊಳ್ಳದ ಮೃತ ವಿಶ್ವಾಸಿಗಳನ್ನು ಅಲ್ಲೇ ಹೂಳಬೇಕು ಎನ್ನುತ್ತದೆ ಅದೇ ಸಂಹಿತೆಯ 1180ನೇ ಕಲಂ. ಅಂತ್ಯಸಂಸ್ಕಾರದಲ್ಲಿ ಮುಖ ನೋಡಿ ಮಣೆ ಹಾಕಬಾರದು, ಬಡವರಿಗೆ ತಕ್ಕ ಅಂತ್ಯಸಂಸ್ಕಾರ ತಪ್ಪಬಾರದು ಎನ್ನುತ್ತದೆ 1181. ದೇಶದ ಕಾನೂನೂ ಇದೆ: ಅಸ್ಪೃಶ್ಯತೆಯ ಕಾರಣಕ್ಕೆ ಸ್ಮಶಾನದ ಬಳಕೆಗೆ ತಡೆ ಒಡ್ಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನಡಿ ಅಪರಾಧ. ಪರಿಶಿಷ್ಟ ಜಾತಿಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಮಾತ್ರ ದಲಿತ ಕ್ರೈಸ್ತರ ನೆರವಿಗೆ ಬರುವುದಿಲ್ಲ. 1950ರ ರಾಷ್ಟ್ರಪತಿ ಆದೇಶದ 3ನೇ ಪ್ಯಾರಾ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಕೊಟ್ಟು ಅಲ್ಲಿಗೇ ನಿಂತಿದೆ. ಹೊರಗಿನ ಆಸರೆ ಇಷ್ಟು ತೆಳುವಾಗಿರುವಾಗ ಒಳಗಿನ ನ್ಯಾಯ ಇನ್ನೂ ಬಿಗಿಯಾಗಿರಬೇಕು.

ಮಾಡಿದ್ದು ಹೀಗೆ. ಇಡೀ ಜಾಗವನ್ನು ಅಳೆದು ನಕ್ಷೆ ಬರೆದರು. ಒಂದು ಸಮಾಧಿಗೆ ಏಳು ಅಡಿ ಉದ್ದ, ಮೂರು ಅಡಿ ಅಗಲ, ಐದು ಅಡಿ ಆಳ, ನಡುವೆ ಎರಡು ಅಡಿ ಮಣ್ಣು. ಖಾಲಿ ಜಾಗಕ್ಕೆಲ್ಲ ಮೇಲಿನ ತುದಿಯಿಂದ ಸಂಖ್ಯೆ ಕೊರೆದ ಕಲ್ಲಿನ ಗೂಟ ನೆಟ್ಟರು. ಯಾರು ಮೊದಲು ತೀರಿಕೊಳ್ಳುತ್ತಾರೋ ಅವರಿಗೆ ಮುಂದಿನ ಗೂಟ. ಆರಿಸುವುದಿಲ್ಲ, ಬಿಟ್ಟು ಹಾರುವುದಿಲ್ಲ. ಗುಂಡಿ ತೋಡುವ ಕೂಲಿ, ಪೆಟ್ಟಿಗೆ, ಮೇಣದಬತ್ತಿ ಎಲ್ಲಕ್ಕೂ ಒಂದೇ ನಿಧಿ, ಕುಟುಂಬಕ್ಕೆ ವರ್ಷಕ್ಕೆ ನೂರು ರೂಪಾಯಿ.

ಅಡ್ಡಿ ಬಂದದ್ದು ಕುಟುಂಬದ ಸಮಾಧಿಗಳಿಂದ. "ಅಪ್ಪನ ಪಕ್ಕದಲ್ಲಿ ಅಮ್ಮನಿಗೆ ಜಾಗ ಹೇಳಿಟ್ಟಿದ್ದೇವೆ" ಎಂಬ ಮಾತಿನಲ್ಲಿ ಕೆಟ್ಟತನವಿಲ್ಲ, ಪ್ರೀತಿಯೇ ಇದೆ. ಆದರೆ ಹೇಳಿಟ್ಟ ಜಾಗಗಳೆಲ್ಲ ಮೇಲಿನ ಒಣ ಭಾಗದಲ್ಲೇ ಇದ್ದವು. ರಸೀದಿ ಇದ್ದರೆ ಮಾನ್ಯ, ಇಲ್ಲದಿದ್ದರೆ ಇಲ್ಲ, ಹೊಸದಾಗಿ ಕಾದಿರಿಸುವುದಿಲ್ಲ ಎಂದಾಯಿತು. ಹೊರಬಂದ ರಸೀದಿ ಹದಿನಾಲ್ಕು, ಬಾಯಿಮಾತಿನವು ಮೂವತ್ತೊಂದು.

ಕೆಳಗಿನ ತುದಿ ಯಾರಿಗೂ ಬೇಡವಾಗಿದ್ದಕ್ಕೆ ಇನ್ನೊಂದು ಕಾರಣ ನೀರು. ಆಷಾಢದ ಮಳೆಗೆ ಗುಡ್ಡದ ನೀರೆಲ್ಲ ಅಲ್ಲಿಗೇ ಇಳಿದು, ಮೂರಡಿ ತೋಡುವಷ್ಟರಲ್ಲಿ ಒಸರು ಏಳುತ್ತದೆ. ಜುಲೈನಲ್ಲಿ ಹೂತವರ ಪೆಟ್ಟಿಗೆಯನ್ನು ನೀರಿನ ಮೇಲೆ ಒತ್ತಿ ಹಿಡಿದು ಮಣ್ಣು ಹಾಕಿದ್ದನ್ನು ಕೆಳಗಿನ ಮನೆಯವರು ಕಣ್ಣಾರೆ ಕಂಡಿದ್ದಾರೆ. ಮುಳ್ಳುತಂತಿ ಕಿತ್ತದ್ದು ಒಂದು ಮಧ್ಯಾಹ್ನದ ಕೆಲಸ. ಮೇಲ್ಗಡೆ ಅಡ್ಡಕ್ಕೆ ಎರಡಡಿ ಆಳದ ಬಸಿಗಾಲುವೆ ತೆಗೆದು, ಕಲ್ಲು ತುಂಬಿಸಿ, ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಲು ಇಡೀ ಬೇಸಿಗೆ ಬೇಕಾಯಿತು. ತಂತಿ ಮಾತ್ರ ಕಿತ್ತು ಕಾಲುವೆ ತೆಗೆಯದಿದ್ದರೆ ಸಮಾನತೆ ನಕ್ಷೆಯಲ್ಲಿ ಉಳಿಯುತ್ತಿತ್ತು, ಮಳೆಗಾಲದಲ್ಲಿ ಕೊಚ್ಚಿಹೋಗುತ್ತಿತ್ತು.

ದಲಿತ ಕುಟುಂಬಗಳ ಪ್ರಶ್ನೆ

ಕೆಲಸ ಇಷ್ಟು ಮುಂದುವರಿದ ಮೇಲೆ ವಾಳೆಯ ಸಭೆಯೊಂದರಲ್ಲಿ ಹಿರಿಯ ಹೆಂಗಸೊಬ್ಬರು ಎದ್ದು ನಿಂತು ಕೇಳಿದರು: "ನಮ್ಮಪ್ಪ, ನಮ್ಮವ್ವ, ನನ್ನ ಗಂಡ ಅಲ್ಲೇ ನೀರಲ್ಲಿ ಮಲಗವ್ರೆ. ಅವತ್ತು ಯಾರಿಗೂ ಕಾಣ್ಲಿಲ್ಲ. ಇವತ್ತು ದೂರದೂರಿನವ್ರು ಬಂದ ಮ್ಯಾಲೆ ಕಂಡ್ತಾ?"

ಸಭೆಯಲ್ಲಿ ಉತ್ತರ ಇರಲಿಲ್ಲ. ಇಂಥ ಪ್ರಯತ್ನಗಳು ಎಡವುವುದು ಇಲ್ಲಿಯೇ. ದೂರದಿಂದ ಬಂದವರಿಗೆ ಕರುಣೆ ತೋರಿಸುವುದು ಸುಲಭ, ಅವರು ಏಪ್ರಿಲಿನಲ್ಲಿ ರೈಲು ಹತ್ತುತ್ತಾರೆ. ಪಕ್ಕದ ಕೇರಿಯವರ ಲೆಕ್ಕ ಹಾಗೆ ಮುಗಿಯುವುದಿಲ್ಲ. ಜಾತಿ ಮನೋಭಾವಕ್ಕೆ ಕ್ರೈಸ್ತ ಧರ್ಮದಲ್ಲಿ ಎಡೆಯಿಲ್ಲ ಎಂದು ಭಾರತದ ಕ್ಯಾಥೋಲಿಕ ಧರ್ಮಾಧ್ಯಕ್ಷರ ಮಂಡಳಿ 1982ರಲ್ಲೇ ಹೇಳಿತ್ತು. ದಲಿತರ ಸಬಲೀಕರಣದ ನೀತಿಯನ್ನು 2016ರಲ್ಲಿ ಪ್ರಕಟಿಸಿತು. ಎರಡೂ ಈ ಧರ್ಮಕೇಂದ್ರದ ಕಪಾಟು ಮುಟ್ಟಿರಲಿಲ್ಲ.

ಆ ಕುಟುಂಬಗಳು ಕೇಳಿದ್ದು ಮೂರು. ಹನ್ನೊಂದು ಸಮಾಧಿಗಳಿಗೂ ಹೆಸರಿನ ಕಲ್ಲು. ಅವನ್ನು ಮರಣ ಪುಸ್ತಕದ ಜೊತೆ ತಾಳೆ ನೋಡಿ ನಕ್ಷೆಗೆ ಸೇರಿಸುವುದು. ನಡೆದದ್ದು ತಪ್ಪು ಎಂದು ಪರಿಷತ್ತಿನ ನಡಾವಳಿಯಲ್ಲಿ ಬರೆದು ಎಂಟರ ಪೂಜೆಯಲ್ಲಿ ಓದುವುದು. ಮೊದಲೆರಡಕ್ಕೆ ಯಾರೂ ಬೇಡವೆನ್ನಲಿಲ್ಲ. ಮೂರನೆಯದಕ್ಕೆ ನಾಲ್ಕು ಸಭೆ ಬೇಕಾಯಿತು. "ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇವೆ" ಎಂಬ ಕರಡನ್ನು ಅವರು ಒಪ್ಪದೆ ಹಿಂದಿರುಗಿಸಿದ್ದು ಸರಿ, ಏಕೆಂದರೆ ಅದರಲ್ಲಿ ಮಾಡಿದವರೇ ಇರಲಿಲ್ಲ. ಕೊನೆಗೆ ಓದಿದ್ದು: "ಈ ಧರ್ಮಕೇಂದ್ರದ ನಾವು ನಮ್ಮ ಸಹೋದರ ಸಹೋದರಿಯರನ್ನು ಜಾತಿಯ ಕಾರಣಕ್ಕೆ ಬೇರೆ ಹೂತೆವು. ಅದು ಪಾಪ." ನವೆಂಬರ್ 2ರ ಸಕಲ ಮೃತರ ದಿನ, ಸಮಾಧಿಗಳಿಗೆ ತೀರ್ಥ ಚಿಮುಕಿಸುವುದನ್ನು ಗುರುಗಳು ಕೆಳಗಿನ ತುದಿಯಿಂದ ಶುರುಮಾಡಿದರು.

ಗುರಿಕಾರ, ದೂರು, ಮಕ್ಕಳು

ಲೈನ್ ಮನೆಗಳನ್ನು ಮೊದಲಿನಿಂದಲೂ ಹತ್ತಿರದ ವಾಳೆಗೆ ಸೇರಿಸಿದ್ದರು. ಆ ವಾಳೆಯ ಮುಖಂಡರಾದ ಗುರಿಕಾರರು ತೋಟದ ಸಾಹುಕಾರರು, ಇಲ್ಲವೇ ರೈಟರು. ಕೂಲಿ ಕೊಡುವವರೇ ಪರಿಷತ್ತಿನಲ್ಲಿ ಕೂಲಿಯವರ ಪ್ರತಿನಿಧಿ! ಲೈನುಗಳಿಗೇ ಒಂದು ವಾಳೆ ಮಾಡಿ ಇಬ್ಬರು ಗುರಿಕಾರರನ್ನು, ಅವರಲ್ಲಿ ಒಬ್ಬರು ಹೆಂಗಸು, ಆರಿಸಿದರು. ಇಬ್ಬರಲ್ಲಿ ಒಬ್ಬರಾದರೂ ಮಳೆಗಾಲದಲ್ಲೂ ಇಲ್ಲೇ ಇರುವವರಾಗಿರಬೇಕು ಎಂಬ ಷರತ್ತು ಎರಡನೇ ವರ್ಷ ಸೇರಿತು. ಮೊದಲ ವರ್ಷ ಇಬ್ಬರೂ ಏಪ್ರಿಲಿನಲ್ಲಿ ಊರಿಗೆ ಹೋಗಿ ಕುರ್ಚಿ ಖಾಲಿ ಬಿದ್ದಿತ್ತು.

ದೂರು ಕೇಳಲು ಮೂವರು: ಒಬ್ಬ ಸಿಸ್ಟರ್, ಲೈನಿನ ಒಬ್ಬರು, ಬೇರೆ ಧರ್ಮಕೇಂದ್ರದ ಒಬ್ಬರು. ಏಳು ದಿನದೊಳಗೆ ಇಬ್ಬರ ಮಾತನ್ನೂ ಕೇಳಬೇಕು, ಮೂವತ್ತು ದಿನದೊಳಗೆ ತೀರ್ಮಾನ. ದೂರು ಪುಸ್ತಕವನ್ನು ಮೊದಲು ಚರ್ಚಿನ ಆಫೀಸಿನಲ್ಲಿ ಇಟ್ಟಿದ್ದರು, ಆರು ತಿಂಗಳಲ್ಲಿ ಒಂದೂ ದೂರು ಬರಲಿಲ್ಲ. ಆಫೀಸಿಗೆ ಹೋದ ಸುದ್ದಿ ಸಂಜೆಯೊಳಗೆ ರೈಟರ ಕಿವಿಗೆ ಬಿದ್ದು ಮರುದಿನ ಕೆಲಸಕ್ಕೇ ಸಂಚಕಾರ ಎಂಬ ಭಯ ಅವರಿಗೆ. ಪುಸ್ತಕವನ್ನು ಕಾನ್ವೆಂಟಿಗೆ ಸಾಗಿಸಿ, ಹೆಸರಿನ ಬದಲು ಸಂಖ್ಯೆ ಹಾಕಿದ ಮೇಲೆ ಮೊದಲ ತಿಂಗಳಲ್ಲೇ ಐದು ಬಂದವು.

ಮೂರು ದೂರು ಧರ್ಮೋಪದೇಶ ತರಗತಿಯ ಮಕ್ಕಳದ್ದು, ಬಣ್ಣ ಹಿಡಿದು ಆಡಿದ ಮಾತು. ಬೈದ ಮಗುವನ್ನು ಎಲ್ಲರೆದುರು ನಿಲ್ಲಿಸುವುದರಿಂದ ಏನೂ ಆಗುವುದಿಲ್ಲ, ಬೈಸಿಕೊಂಡ ಮಗುವಿಗೆ ಎರಡನೇ ಸಲ ಅವಮಾನವಾಗುತ್ತದೆ. ಬದಲಿಗೆ ಸಂಖ್ಯಾಕಾಂಡದ 12ನೇ ಅಧ್ಯಾಯವನ್ನು ಎರಡು ವಾರ ಕಲಿಸಿದರು. ಮೋಶೆ ಕೂಷ್ ದೇಶದ ಹೆಂಗಸನ್ನು ಮದುವೆಯಾದನೆಂದು ಅಕ್ಕ ಮಿರಿಯಾಮಳು ಆಡಿಕೊಂಡಳು. ಅವಳ ಮೈ ಹಿಮದಂತೆ ಬೆಳ್ಳಗಾಗಿ ಏಳು ದಿನ ಪಾಳೆಯದ ಹೊರಗಿರಬೇಕಾಯಿತು. ಆ ಏಳು ದಿನ ಜನರು ಪ್ರಯಾಣ ಮುಂದುವರಿಸಲಿಲ್ಲ, ಅವಳಿಗಾಗಿ ಕಾದರು. ಮಕ್ಕಳಿಗೆ ಹೆಚ್ಚು ಹಿಡಿಸಿದ್ದು ಈ ಕಾಯುವ ಭಾಗ.

ಪವಿತ್ರ ಗುರುವಾರ ಪಾದ ತೊಳೆಯುವುದಕ್ಕೆ ಮೊದಲೆಲ್ಲ ಸಮಿತಿಯ ಹನ್ನೆರಡು ಗಂಡಸರು ಕೂರುತ್ತಿದ್ದರು. 2016ರ ಜನವರಿಯಲ್ಲಿ ರೋಮ್ ಹೊರಡಿಸಿದ ಆಜ್ಞೆಯ ನಂತರ ಹೆಂಗಸರನ್ನೂ ಆರಿಸಬಹುದು. ಮೊದಲ ವರ್ಷ ಹನ್ನೆರಡೂ ಜನರನ್ನು ಲೈನಿನಿಂದಲೇ ಕೂರಿಸಿದ್ದು ಪ್ರದರ್ಶನದಂತಾಗಿ ಅವರಿಗೇ ಮುಜುಗರವಾಯಿತು. ಈಗ ಎಲ್ಲ ವಾಳೆಗಳ ನೋಂದಣಿಯಿಂದ ಚೀಟಿ ಎತ್ತುತ್ತಾರೆ.

ಆಗದೆ ಉಳಿದದ್ದೂ ಇದೆ. ಹದಿನಾಲ್ಕು ರಸೀದಿಗಳ ಜಾಗಗಳು ಮೇಲಿನ ಒಣ ಭಾಗದಲ್ಲೇ ಇವೆ, ಅವು ತುಂಬುವವರೆಗೆ ನಕ್ಷೆ ಪೂರ್ತಿ ಸಮ ಅಲ್ಲ. ವಾಳೆ ವಾಳೆಗಳ ನಡುವಿನ ಮದುವೆಯ ಮಾತಿಗೆ ಯಾವ ಠರಾವೂ ಕೈ ಹಾಕಿಲ್ಲ. ಭಾನುವಾರದ ಹಾಜರಿ ಬಿಡಿಸುವ ಮಾತಿಗೆ ಒಪ್ಪಿದವರು ಎರಡೇ ತೋಟದವರು. ಗುರುಗಳ ವರ್ಗಾವಣೆ ಯಾವಾಗ ಬೇಕಾದರೂ ಬರಬಹುದು. ಅದಕ್ಕೆಂದೇ ನೋಂದಣಿ ಪುಸ್ತಕ, ಸಮಾಧಿ ನಕ್ಷೆ, ನಡಾವಳಿ ಮೂರರ ಒಂದೊಂದು ಪ್ರತಿಯನ್ನು ಚಿಕ್ಕಮಗಳೂರಿನ ಧರ್ಮಾಧ್ಯಕ್ಷರ ನಿವಾಸಕ್ಕೆ ಕಳಿಸಿದ್ದಾರೆ. ಹೊಸಬರು ಅಧಿಕಾರ ವಹಿಸಿಕೊಳ್ಳುವಾಗ ಈ ಮೂರನ್ನೂ ಓದಿ ಸಹಿ ಹಾಕಿ ತೆಗೆದುಕೊಳ್ಳಬೇಕು, ಪಕ್ಕದಲ್ಲಿ ಸಾಕ್ಷಿಗೆ ಲೈನ್ ವಾಳೆಯ ಒಬ್ಬರು, ಕೆಳಗಿನ ಸಾಲಿನ ಸಮಾಧಿಗಳ ಕುಟುಂಬಗಳಿಂದ ಒಬ್ಬರು ಇರಬೇಕು.